ಟ್ಯೂಬಿನ ಜತೆ ಎರಡು ಮಾತು

ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರ ಶಿಕ್ಷಕರೊಬ್ಬರು ನನಗೆ ಬಹುಕಾಲದ ಪರಿಚಿತರು. ಹುಟ್ಟಿನಿಂದಲೇ ಅವರ ಚರ್ಮದಲ್ಲಿ, ಕೂದಲಿನಲ್ಲಿ, ಕಣ್ಣಿನ ಪಾಪೆಯಲ್ಲಿ ಬಣ್ಣವಿಲ್ಲ. ವೈದ್ಯರು ಇದನ್ನು ಆಲ್ಬಿನಿಸಂ ಎನ್ನುತ್ತಾರೆ. ಊರಿನವರು ಅವರನ್ನು ‘ಬಿಳಿ ಮೇಷ್ಟ್ರು’ ಎಂದೇ ಕರೆಯುತ್ತಾರೆ. ಅವರೂ ಅದಕ್ಕೆ ಬೇಸರಪಟ್ಟುಕೊಂಡವರಲ್ಲ. ಬೆಳಗಿನ ಪ್ರಾರ್ಥನೆ, ಕ್ರೀಡಾಕೂಟ, ಜನಗಣತಿ, ಚುನಾವಣಾ ಕರ್ತವ್ಯ ಎಂದು ಇಪ್ಪತ್ತು ವರ್ಷ ಬಿಸಿಲಿನಲ್ಲೇ ಓಡಾಡಿದ ಅವರಿಗೆ ನಲವತ್ತು ದಾಟುವ ಹೊತ್ತಿಗೆ ಹಣೆ, ಕೆನ್ನೆ ಮತ್ತು ಕಿವಿಯ ಅಂಚಿನಲ್ಲಿ ಉಪ್ಪುಕಾಗದದಂತೆ ಒರಟಾದ ಮಚ್ಚೆಗಳು ಎದ್ದವು. ಬೆಂಗಳೂರಿನ ಚರ್ಮರೋಗ ತಜ್ಞರೊಬ್ಬರು ಪರೀಕ್ಷಿಸಿ, ಶೇ. 5ರ ಫ್ಲೋರೋಯುರಾಸಿಲ್ ಕ್ರೀಮನ್ನು ದಿನಕ್ಕೆ ಎರಡು ಬಾರಿ, ಮೂರು ವಾರ ಹಚ್ಚಿಕೊಳ್ಳುವಂತೆ ಬರೆದುಕೊಟ್ಟರು.

ಮೊದಲ ವಾರ ಏನೂ ಆಗಲಿಲ್ಲ. ಎಂಟನೆಯ ದಿನ ಉರಿ ಶುರುವಾಯಿತು. ಹನ್ನೊಂದನೆಯ ದಿನದ ಹೊತ್ತಿಗೆ ಮುಖ ಬಿಸಿನೀರು ಚೆಲ್ಲಿದಂತೆ ಕೆಂಪೇರಿ, ಅಲ್ಲಲ್ಲಿ ಚರ್ಮ ಕಿತ್ತು, ಹಕ್ಕಳೆ ಕಟ್ಟಿತು. ಮನೆಯವರು ಗಾಬರಿಯಾದರು. ಊರಿನ ಔಷಧದ ಅಂಗಡಿಯಲ್ಲಿ ‘ಇದು ಅಲರ್ಜಿ, ತಂಪಾಗಲು ಇದನ್ನು ಹಚ್ಚಿ’ ಎಂದು ಇನ್ನೊಂದು ಟ್ಯೂಬು ಕೊಟ್ಟರು; ಅದರಲ್ಲಿದ್ದುದು ಪ್ರಬಲ ಸ್ಟಿರಾಯ್ಡ್. ಎರಡೇ ದಿನದಲ್ಲಿ ಕೆಂಪು ಇಳಿಯಿತು, ಅಂಗಡಿಯವರ ಮೇಲೆ ಭರವಸೆ ಏರಿತು, ಬೆಂಗಳೂರಿನ ಟ್ಯೂಬು ಕಸದ ಬುಟ್ಟಿ ಸೇರಿತು. ಒಂದೂವರೆ ವರ್ಷದ ನಂತರ ಕಿವಿಯ ಮೇಲಿನ ಮಚ್ಚೆ ಮಾಯದ ಹುಣ್ಣಾಯಿತು. ತುಣುಕು ತೆಗೆದು ಪರೀಕ್ಷಿಸಿದಾಗ ಅದು ಸ್ಕ್ವಾಮಸ್ ಕಣದ ಕ್ಯಾನ್ಸರ್ ಎಂದು ತಿಳಿದುಬಂತು. ಕಿವಿಯ ಮೇಲ್ಭಾಗವನ್ನು ಕತ್ತರಿಸಬೇಕಾಯಿತು.

ಇಲ್ಲಿ ರೋಗನಿರ್ಣಯ ತಪ್ಪಾಗಿರಲಿಲ್ಲ. ಔಷಧವೂ ತಪ್ಪಾಗಿರಲಿಲ್ಲ. ‘ಎರಡನೆಯ ವಾರದಲ್ಲಿ ನಿಮ್ಮ ಮುಖ ನೋಡಲಾಗದಷ್ಟು ಕೆಡುತ್ತದೆ, ಹೆದರಬೇಡಿ, ಔಷಧ ಕೆಲಸ ಮಾಡುತ್ತಿರುವುದರ ಗುರುತೇ ಅದು’ ಎಂಬ ಒಂದು ಮಾತು ಮಾತ್ರ ಇರಲಿಲ್ಲ. ಆ ಮಾತಿದ್ದಿದ್ದರೆ ಕಿವಿ ಖಂಡಿತ ಉಳಿಯುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಉಳಿಯುವ ಅವಕಾಶವನ್ನು ಅವರು ತಿಳಿವಳಿಕೆಯಿಂದ ಬಿಟ್ಟುಕೊಡಲಿಲ್ಲ, ತಿಳಿಯದೆ ಬಿಟ್ಟುಕೊಟ್ಟರು.

ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದ ಕಣಗಳ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ದೇಹ ಅದನ್ನು ದುರಸ್ತಿ ಮಾಡಿಕೊಳ್ಳುತ್ತಲೇ ಇರುತ್ತದೆ. ದುರಸ್ತಿಗೆ ಮೀರಿದ ಕಣಗಳು ದಶಕಗಳ ನಂತರ ಒರಟು ಮಚ್ಚೆಗಳಾಗಿ ಕಾಣಿಸಿಕೊಳ್ಳುತ್ತವೆ. ಆಕ್ಟಿನಿಕ್ ಕೆರಟೋಸಿಸ್ ಎಂದು ಇದರ ಹೆಸರು. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುವ ರೋಗವಿದು ಎನ್ನುವುದು ವೈದ್ಯರ ಅನುಭವ. ಪ್ರತಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಬಹುಪಾಲು ಆಗುವುದೇ ಇಲ್ಲ, ಕೆಲವು ತಾವಾಗಿಯೇ ಮಾಯುವುದೂ ಉಂಟು. ಆದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡಿ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲದ್ದರಿಂದ ಚಿಕಿತ್ಸೆ ಅನಿವಾರ್ಯವಾಗುತ್ತದೆ.

ಬಿಳಿಯ ಚರ್ಮದವರು ಪ್ರಖರ ಬಿಸಿಲಿನ ನಾಡಿಗೆ ಹೋಗಿ ನೆಲೆಸಿದ ಕಡೆಯಲ್ಲೆಲ್ಲ ಇದು ಮನೆಮಾತಾದ ರೋಗ. ಆಸ್ಟ್ರೇಲಿಯಾದಲ್ಲಿ ಪ್ರತಿ ಮೂವರಲ್ಲಿ ಇಬ್ಬರು ಎಪ್ಪತ್ತು ತುಂಬುವುದರೊಳಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಒಳಗಾಗುತ್ತಾರೆಂಬ ಅಂದಾಜಿದೆ. ಅಂಗಿ ತೊಡಿ, ಕ್ರೀಮ್ ಬಳಿಯಿರಿ, ಟೋಪಿ ಹಾಕಿ ಎಂದು ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ 1981ರಲ್ಲಿ ಆರಂಭವಾದ ಪ್ರಚಾರಾಂದೋಲನ ಒಂದು ಪೀಳಿಗೆಯ ಅಭ್ಯಾಸವನ್ನೇ ಬದಲಿಸಿತು. ನಮ್ಮ ಕಪ್ಪು-ಕಂದು ಚರ್ಮದಲ್ಲಿರುವ ಮೆಲನಿನ್ ನಮಗೆ ಹುಟ್ಟಿನಿಂದ ಬಂದ ಕೊಡೆ. ಆದ್ದರಿಂದಲೇ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಈ ರೋಗ ಪಠ್ಯಪುಸ್ತಕದ ಚಿತ್ರವಾಗಿ ಉಳಿದದ್ದೇ ಹೆಚ್ಚು. ಆ ಕೊಡೆಯಿಲ್ಲದೆ ನಮ್ಮ ನಡುವೆಯೇ ಹುಟ್ಟಿ, ಇದೇ ಬಿಸಿಲಿನಲ್ಲಿ ಹೊಲ ಉತ್ತು, ಸಂತೆಯಲ್ಲಿ ಕುಳಿತು, ಪಾಠ ಹೇಳಿ ಬದುಕುವವರನ್ನು ಮಾತ್ರ ಈ ಸಮಾಧಾನದ ಲೆಕ್ಕದಲ್ಲಿ ಮರೆತುಬಿಟ್ಟೆವು. ಆಸ್ಟ್ರೇಲಿಯನ್ನರಿಗೆ ಅರವತ್ತರಲ್ಲಿ ಬರುವ ಮಚ್ಚೆ ಇವರಿಗೆ ಇಪ್ಪತ್ತು, ಮೂವತ್ತರಲ್ಲೇ ಬರಬಹುದು.

ಫ್ಲೋರೋಯುರಾಸಿಲ್‌ನ ಕಥೆ ಸ್ವಾರಸ್ಯಕರವಾಗಿದೆ. ಕ್ಯಾನ್ಸರ್ ಗಡ್ಡೆಗಳು ಯುರಾಸಿಲ್ ಎಂಬ ವಸ್ತುವನ್ನು ಸಾಮಾನ್ಯ ಅಂಗಾಂಶಕ್ಕಿಂತ ಹೆಚ್ಚು ಕಬಳಿಸುತ್ತವೆ ಎಂಬ ಸುಳಿವು ಹಿಡಿದು, ಅದರಲ್ಲಿ ಒಂದು ಫ್ಲೋರಿನ್ ಪರಮಾಣುವನ್ನು ಅಡಗಿಸಿಟ್ಟು ಕಣಗಳಿಗೆ ಮೋಸದ ತುತ್ತು ಉಣಿಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು. ಅದು 1957. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ನಿನ ತಯಾರಿಕೆಯೇ ನಿಂತುಹೋಗಿ, ವೇಗವಾಗಿ ವಿಭಜನೆಯಾಗುವ ಕಣಗಳು ಸಾಯುತ್ತವೆ. ಹೊಟ್ಟೆಯ, ಕರುಳಿನ ಕ್ಯಾನ್ಸರಿಗೆ ರಕ್ತನಾಳದ ಮೂಲಕ ಕೊಡುತ್ತಿದ್ದ ಈ ಮದ್ದಿನಿಂದ ರೋಗಿಗಳ ಮುಖದ ಮೇಲಿದ್ದ ಬಿಸಿಲಿನ ಮಚ್ಚೆಗಳು ಮೊದಲು ಕೆಂಪಾಗಿ, ಆಮೇಲೆ ಮಾಯವಾಗುವುದನ್ನು 1962ರಲ್ಲಿ ದಕ್ಷಿಣ ಆಫ್ರಿಕಾದ ಫಾಲ್ಕ್‌ಸನ್ ಮತ್ತು ಶುಲ್ಜ್ ಎಂಬ ವೈದ್ಯರು ಗಮನಿಸಿ ಬರೆದರು. ಹಾಗಿದ್ದರೆ ನೇರವಾಗಿ ಚರ್ಮಕ್ಕೇ ಏಕೆ ಹಚ್ಚಬಾರದು? ಈ ದಾರಿಯಲ್ಲಿ ದುಡಿದ ಎಡ್ಮಂಡ್ ಕ್ಲೈನ್ ಅವರಿಗೆ 1972ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿರುವ ಈ ಕ್ರೀಮು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ.

ಹಳೆಯದೆಂದು ತಾತ್ಸಾರ ಮಾಡುವಂತಿಲ್ಲ. ನೆದರ್ಲೆಂಡ್ಸ್‌ನಲ್ಲಿ 624 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತಲೆ ಮತ್ತು ಮುಖದ ಇಂಥ ಮಚ್ಚೆಗಳಿಗೆ ನಾಲ್ಕು ಚಿಕಿತ್ಸೆಗಳನ್ನು ಹೋಲಿಸಿತು. ಒಂದು ವರ್ಷದ ನಂತರವೂ ಮಚ್ಚೆಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಕಡಿಮೆಯಾಗಿಯೇ ಉಳಿದವರ ಪ್ರಮಾಣ ಫ್ಲೋರೋಯುರಾಸಿಲ್ ಹಚ್ಚಿದವರಲ್ಲಿ ಸುಮಾರು ಶೇ. 75. ಇಮಿಕ್ವಿಮೋಡ್ ಹಚ್ಚಿದವರಲ್ಲಿ ಶೇ. 54, ದುಬಾರಿಯಾದ ಬೆಳಕಿನ ಚಿಕಿತ್ಸೆಯಲ್ಲಿ ಶೇ. 38, ಹೊಸದಾಗಿ ಬಂದಿದ್ದ ಇಂಜೆನಾಲ್ ಮೆಬುಟೇಟ್ ಎಂಬ ಜೆಲ್‌ನಲ್ಲಿ ಶೇ. 29. ಅಮೆರಿಕದ 932 ನಿವೃತ್ತ ಯೋಧರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎರಡರಿಂದ ನಾಲ್ಕು ವಾರಗಳ ಒಂದೇ ಸುತ್ತಿನ ಬಳಕೆಯಿಂದ ಮೊದಲ ವರ್ಷ ಶಸ್ತ್ರಚಿಕಿತ್ಸೆ ಬೇಕಾಗುವ ಸ್ಕ್ವಾಮಸ್ ಕ್ಯಾನ್ಸರಿನ ಅಪಾಯ ಶೇ. 75ರಷ್ಟು ತಗ್ಗಿತು. ಮೇಲೆ ಹೇಳಿದ ಇಂಜೆನಾಲ್ ಜೆಲ್‌ನ ಗತಿ ಬೇರೆಯೇ ಆಯಿತು. ಎರಡು ಮೂರು ದಿನ ಹಚ್ಚಿದರೆ ಸಾಕೆಂಬ ಆಕರ್ಷಣೆಯೊಂದಿಗೆ ಬಂದ ಅದನ್ನು, ಹಚ್ಚಿದ ಜಾಗದಲ್ಲೇ ಕ್ಯಾನ್ಸರ್ ಹೆಚ್ಚಾಗಬಹುದೆಂಬ ಶಂಕೆಯ ಮೇರೆಗೆ 2020ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಚರ್ಮಕ್ಕೆ ಹಚ್ಚುವುದಲ್ಲವೇ, ಏನಾದೀತು ಎನ್ನುವವರು ಈ ಪ್ರಸಂಗವನ್ನು ನೆನಪಿಡಬೇಕು.

ಅಂದರೆ ಫ್ಲೋರೋಯುರಾಸಿಲ್ ನಿರಪಾಯಕಾರಿಯೇ? ಅಲ್ಲ. ಹೆಸರಿಗೆ ಕ್ರೀಮಾದರೂ ಇದು ಕ್ಯಾನ್ಸರ್ ಔಷಧ. ಮಚ್ಚೆಗಳಿರುವ ಚರ್ಮಕ್ಕೆ ಹಚ್ಚಿದಾಗ ಸುಮಾರು ಶೇ. 6ರಷ್ಟು ದೇಹದೊಳಕ್ಕೆ ಹೋಗುತ್ತದೆ. ಗರ್ಭಿಣಿಯರು, ಗರ್ಭ ಧರಿಸುವ ಸಾಧ್ಯತೆ ಇರುವವರು ಇದನ್ನು ಬಳಸಕೂಡದು. ಇದನ್ನು ಜೀರ್ಣಿಸುವ ಡಿಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಕೆಲವರಲ್ಲಿರುತ್ತದೆ. ಅಂಥವರಿಗೆ ಅಪರೂಪವಾಗಿಯಾದರೂ ಪ್ರಾಣಾಪಾಯವಾದೀತು. ಕ್ರೀಮು ಹಚ್ಚಿದ ಬಳಿಕ ಹೊಟ್ಟೆನೋವು, ರಕ್ತಭೇದಿ, ವಾಂತಿ, ಜ್ವರ, ಚಳಿ ಕಾಣಿಸಿದರೆ ಅದು ನಿರೀಕ್ಷಿತ ಉರಿಯಲ್ಲ. ಆ ಕ್ಷಣವೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಹಚ್ಚಲು ಕೈಗವಸು ಬೇಕು. ಬೆರಳಿನಿಂದಲೇ ಹಚ್ಚಿದರೆ ಕೂಡಲೇ ಸೋಪಿನಿಂದ ಕೈ ತೊಳೆಯಬೇಕು. ಕಣ್ಣು, ತುಟಿಯ ಒಳಭಾಗ, ಮೂಗಿನ ಪಕ್ಕದ ಮಡಿಕೆಗಳಿಗೆ ತಾಗಿಸಬಾರದು. ವೈದ್ಯರು ಹೇಳದ ಹೊರತು ಮೇಲೆ ಬಿಗಿಯಾದ ಪಟ್ಟಿ ಕಟ್ಟಬಾರದು, ಉರಿ ಮಿತಿಮೀರುತ್ತದೆ. ಚಿಕಿತ್ಸೆಯ ದಿನಗಳಲ್ಲಿ ಬಿಸಿಲಿಗೆ ಮುಖ ಒಡ್ಡಬಾರದು. ಬೇಗ ಗುಣವಾಗಲೆಂದು ದಪ್ಪನಾಗಿ ಬಳಿಯುವುದು, ಮೂರು ವಾರವನ್ನು ಆರು ವಾರಕ್ಕೆ ಎಳೆಯುವುದು ಎರಡೂ ತಪ್ಪು.

ಮನೆಯಲ್ಲಿ ನಾಯಿ, ಬೆಕ್ಕು ಸಾಕಿದವರಿಗೆ ಒಂದು ಮಾತು. ಈ ಕ್ರೀಮು ಅವುಗಳಿಗೆ ಘೋರ ವಿಷ. ಟ್ಯೂಬನ್ನು ಕಚ್ಚಿ ಅಥವಾ ಆಕಸ್ಮಿಕವಾಗಿ ನೆಕ್ಕಿ ಐದು ನಾಯಿಗಳು ಸತ್ತ ವರದಿಗಳು ಬಂದ ಮೇಲೆ 2017ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ದಿಂಬಿನ ಪಕ್ಕದಲ್ಲಿ ಟ್ಯೂಬನ್ನಿಟ್ಟು ಮಲಗುವ, ಮುಖ ನೆಕ್ಕುವ ನಾಯಿಯನ್ನು ಮುದ್ದಿಸುವ ನಮ್ಮ ಬಡಾವಣೆಗಳ ಮನೆಗಳಲ್ಲಿ ಇದನ್ನು ತಿಳಿದವರು ಎಷ್ಟು ಮಂದಿಯೋ.

ಇನ್ನು ಆ ಉರಿಯ ವಿಷಯ. ಮಧುಮೇಹಕ್ಕೆ ಮಾತ್ರೆ ನುಂಗಿದರೆ ಸಕ್ಕರೆ ಇಳಿಯುತ್ತದೆ, ಜ್ವರಕ್ಕೆ ನುಂಗಿದರೆ ಜ್ವರ ಬಿಡುತ್ತದೆ. ಔಷಧವೆಂದರೆ ಹಾಯೆನಿಸಬೇಕು ಎಂಬುದು ನಮ್ಮೆಲ್ಲರ ಸಹಜ ನಿರೀಕ್ಷೆ. ಫ್ಲೋರೋಯುರಾಸಿಲ್ ಈ ನಿರೀಕ್ಷೆಗೆ ನೇರ ವಿರುದ್ಧ. ಮೊದಲ ಕೆಲವು ದಿನ ಸುಮ್ಮನಿದ್ದು, ಆಮೇಲೆ ಕೆಂಪಾಗಿಸಿ, ಗುಳ್ಳೆ ಎಬ್ಬಿಸಿ, ಚರ್ಮ ಕೀಳಿಸಿ, ಹಕ್ಕಳೆ ಕಟ್ಟಿಸಿ, ನಿಲ್ಲಿಸಿದ ಬಳಿಕವಷ್ಟೇ ಹೊಸ ಚರ್ಮ ಬರಲು ಬಿಡುತ್ತದೆ. ಪೂರ್ತಿ ಮಾಯಲು ಒಂದೆರಡು ತಿಂಗಳೂ ಹಿಡಿಯಬಹುದು. ಇನ್ನೂ ವಿಚಿತ್ರವೆಂದರೆ, ಬರಿಗಣ್ಣಿಗೆ ಕಾಣದಿದ್ದ ಮಚ್ಚೆಗಳೂ ಆಗ ಕೆಂಪಾಗಿ ಎದ್ದು, ರೋಗ ಹರಡಿತೇನೋ ಎಂಬ ಭ್ರಮೆ ಹುಟ್ಟಿಸುತ್ತವೆ. ವಾಸ್ತವದಲ್ಲಿ ಅವು ಅಡಗಿದ್ದ ಶತ್ರುಗಳು. ಔಷಧ ಅವನ್ನು ಬಯಲಿಗೆಳೆದಿದೆ. ಇಷ್ಟನ್ನು ಮೊದಲೇ ಹೇಳದೆ ಟ್ಯೂಬನ್ನು ಕೈಗಿಡುವುದು ಅರ್ಧ ಚಿಕಿತ್ಸೆ. ಅರ್ಧ ಚಿಕಿತ್ಸೆಯಲ್ಲಿ ಸಾಯದೆ ಉಳಿದ ಕಣಗಳ ಮೇಲೆ ಚರ್ಮ ಮುಚ್ಚಿಕೊಂಡರೆ ನೋಡಲು ಚೆನ್ನಾಗಿಯೇ ಇರುತ್ತದೆ; ಮೇಷ್ಟ್ರ ಕಿವಿಯೂ ಒಂದೂವರೆ ವರ್ಷ ಚೆನ್ನಾಗಿಯೇ ಕಂಡಿತ್ತು.

ವೈದ್ಯರನ್ನು ದೂರುವುದು ಸುಲಭ. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದ ಹೊರಗೆ ಬೆಳಗಿನಿಂದ ನಿಂತ ಸಾಲನ್ನು ನೋಡಿದವರಾರೂ ಒಬ್ಬೊಬ್ಬ ರೋಗಿಗೆ ಕಾಲು ಗಂಟೆ ಕೊಡಿ ಎಂದು ಉಪದೇಶಿಸಲಾರರು. ಆದರೆ ಕೊಡಬಹುದಾದ ಬೇರೆಯದೊಂದಿದೆ. ಯಾವ ದಿನ ಏನಾಗುತ್ತದೆ, ಯಾವುದು ಸಹಜ, ಯಾವುದು ಅಪಾಯ, ಯಾವಾಗ ನಿಲ್ಲಿಸಬೇಕು ಎಂದು ಕನ್ನಡದಲ್ಲಿ ಅಚ್ಚು ಮಾಡಿದ ಒಂದು ಹಾಳೆ. ಪೆಟ್ಟಿಗೆಯೊಳಗೆ ಕಂಪನಿಯವರು ಮಡಿಸಿಡುವ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದ ಕಾಗದವನ್ನು ಇಂಗ್ಲಿಷ್ ಬಲ್ಲವರೂ ಓದುವುದಿಲ್ಲ. ಅದರ ಜತೆಗೆ ಹತ್ತನೆಯ ದಿನದ ಸುಮಾರಿಗೆ ಒಂದು ಮರುಭೇಟಿ. ಬರಲಾಗದವರಿಗೆ ಒಂದು ಫೋನ್ ಕರೆ, ಇಲ್ಲವೇ ಮೊಬೈಲಿನಲ್ಲಿ ಒಂದು ಫೋಟೋ. ಇದಕ್ಕೆ ಸರ್ಕಾರದ ಯೋಜನೆಯೂ ಬೇಡ, ಸುತ್ತೋಲೆಯೂ ಬೇಡ.

ಔಷಧದ ಅಂಗಡಿಗಳ ಕಥೆ ಬೇರೆ. ಚರ್ಮಕ್ಕೆ ಹಚ್ಚುವ ಪ್ರಬಲ ಸ್ಟಿರಾಯ್ಡುಗಳನ್ನು ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಶೆಡ್ಯೂಲ್ ಎಚ್ ವ್ಯಾಪ್ತಿಗೆ ಬಿಗಿಯಾಗಿ ತಂದಿತು; ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಚರ್ಮರೋಗ ತಜ್ಞರ ಸಂಘದವರು ವರ್ಷಗಟ್ಟಲೆ ಗೋಗರೆದದ್ದರ ಫಲವದು. ಆದರೂ ಮುಖ ಬೆಳ್ಳಗಾಗಲು, ಮೊಡವೆ ಹೋಗಲು, ತುರಿಕೆ ನಿಲ್ಲಲು ಎಂದು ಕೇಳಿದವರಿಗೆ ಮೂರು ನಾಲ್ಕು ಮದ್ದು ಬೆರೆಸಿದ ಟ್ಯೂಬುಗಳು ಇಂದಿಗೂ ಸಲೀಸಾಗಿ ಸಿಗುತ್ತವೆ. ನಿಯಮ ಹಾಳೆಯ ಮೇಲಿದೆ, ಟ್ಯೂಬು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಚೀಟಿ ಕೇಳುವ ಅಂಗಡಿಯವನನ್ನು ಬಿಟ್ಟು ಕೇಳದ ಅಂಗಡಿಗೆ ಹೋಗುವ ನಾವು ಈ ಅಪರಾಧದಲ್ಲಿ ಪಾಲುದಾರರಲ್ಲವೆಂದು ಹೇಳಲಾಗದು.

ವಿದ್ಯಾವಂತರ ಮನೆಗಳಲ್ಲಿ ಈ ಅಪಾಯಕ್ಕೆ ಹೊಸ ಬಾಗಿಲೊಂದು ತೆರೆದುಕೊಂಡಿದೆ. ಮೆಲ್ಬರ್ನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಮಕ್ಕಳ ಮನೆಗೆ ಹೋಗಿ ಬರುವವರು, ‘ಬಿಸಿಲಿನಿಂದ ಕೆಟ್ಟ ಚರ್ಮಕ್ಕೆ’ ಎಂದು ಕೇಳಿದ ಔಷಧದ ಹೆಸರನ್ನು ಇಲ್ಲಿ ಬಂಗಿಗೆ ಅನ್ವಯಿಸಿಕೊಳ್ಳುತ್ತಾರೆ. ಕೆನ್ನೆಯ ಮೇಲಿನ ಕಂದು ಬಂಗು ಬಿಸಿಲಿನಿಂದ ಹೆಚ್ಚಾಗುವುದು ನಿಜ. ಆದರೆ ಅದು ಬಣ್ಣದ ತೊಂದರೆ, ಕ್ಯಾನ್ಸರಿನ ಪೂರ್ವಸ್ಥಿತಿಯಲ್ಲ. ವಯಸ್ಸಾದವರ ಮುಖದಲ್ಲಿ ಏಳುವ ಕಪ್ಪು ಗಂಟುಗಳೂ ಬಹುತೇಕ ನಿರುಪದ್ರವಿ. ಅವುಗಳ ಮೇಲೆ ಫ್ಲೋರೋಯುರಾಸಿಲ್ ಹಚ್ಚಿದರೆ ನಮ್ಮ ಬಣ್ಣದ ಚರ್ಮ ಸುಟ್ಟ ಗಾಯದಂತೆ ಕಪ್ಪಾಗಿ ತಿಂಗಳುಗಟ್ಟಲೆ ಉಳಿದೀತು. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಘೋರ: ಬೆಳೆಯುತ್ತಿರುವ, ರಕ್ತ ಒಸರುವ, ಬುಡ ಗಟ್ಟಿಯಾದ ಹುಣ್ಣನ್ನು ಬರಿಯ ಮಚ್ಚೆಯೆಂದು ಬಗೆದು ಮನೆಯಲ್ಲೇ ಕ್ರೀಮು ಹಚ್ಚುತ್ತ ಕೂರುವುದು. ಮೇಲ್ಪದರ ಮಾಯುತ್ತದೆ, ಕೆಳಗೆ ಕ್ಯಾನ್ಸರ್ ಬೆಳೆಯುತ್ತಲೇ ಇರುತ್ತದೆ. ಒಂದು ಸುತ್ತಿಗೆ ಬಗ್ಗದ, ಹೋದಂತೆ ಮಾಡಿ ಮತ್ತೆ ಬಂದ ಮಚ್ಚೆಯ ತುಣುಕನ್ನು ತೆಗೆಸಿ ಪರೀಕ್ಷಿಸಲೇಬೇಕು. ಡೈಕ್ಲೋಫೆನಾಕ್ ಎಂಬ ಮಂಡಿನೋವಿನ ಮದ್ದು ಶೇ. 3ರ ಜೆಲ್ ರೂಪದಲ್ಲಿ ವಿದೇಶಗಳಲ್ಲಿ ಈ ಮಚ್ಚೆಗಳಿಗೂ ಬಳಕೆಯಾಗುತ್ತದೆ ಎಂದು ಓದಿದ ಹಿರಿಯರೊಬ್ಬರು ತಮ್ಮ ಮಂಡಿಯ ಜೆಲ್ಲನ್ನೇ ನೆತ್ತಿಗೆ ತಿಕ್ಕಿಕೊಂಡದ್ದನ್ನೂ ಬಲ್ಲೆ. ಹೆಸರು ಒಂದೇ ಆದರೆ ಔಷಧ ಒಂದೇ ಆಗುವುದಿಲ್ಲ.

ಬಣ್ಣವಿಲ್ಲದೆ ಹುಟ್ಟಿದ ಮಗುವನ್ನು ತಂದೆತಾಯಿ ಮೊದಲು ಕರೆದೊಯ್ಯುವುದು ಕಣ್ಣಿನ ವೈದ್ಯರ ಬಳಿಗೆ. ದೃಷ್ಟಿದೋಷ ಬೇಗ ಗೊತ್ತಾಗುತ್ತದೆ. ಕನ್ನಡಕ ಸಿಗುತ್ತದೆ. ಮುಂದಿನ ಬೆಂಚಿನಲ್ಲಿ ಕೂರಿಸಿ ಎಂಬ ಸಲಹೆಯೂ ಸಿಗುತ್ತದೆ. ಚರ್ಮದ ವಿಭಾಗದ ಕಡೆಗೆ ಕೈತೋರುವವರು ವಿರಳ. ಆ ಮಗುವಿಗೆ ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಬಿಸಿಲು ತಡೆಯುವ ಕ್ರೀಮು, ವರ್ಷಕ್ಕೊಮ್ಮೆ ತಲೆಯಿಂದ ಕೈಯವರೆಗೆ ಚರ್ಮದ ತಪಾಸಣೆ ಆಗಿನಿಂದಲೇ ದೊರೆತರೆ ನಲವತ್ತರಲ್ಲಿ ಫ್ಲೋರೋಯುರಾಸಿಲ್ ಬೇಕಾಗದೆಯೂ ಇರಬಹುದು. ತಾಂಜಾನಿಯಾದಂಥ ಬಡ ದೇಶದಲ್ಲಿ, ಕಿಲಿಮಂಜಾರೊ ಪ್ರದೇಶದ ಮೋಶಿ ಎಂಬ ಊರಿನ ಚರ್ಮರೋಗ ತರಬೇತಿ ಕೇಂದ್ರ ಆಲ್ಬಿನಿಸಂ ಇರುವವರಿಗಾಗಿಯೇ ‘ಕಿಲಿಸನ್’ ಎಂಬ ಕ್ರೀಮನ್ನು ಸ್ಥಳೀಯವಾಗಿ ತಯಾರಿಸಿ ಹಂಚುವ ಕೆಲಸ ಮಾಡಿದೆ. ಆಸ್ಟ್ರೇಲಿಯಾದಲ್ಲಿ ಬಿಸಿಲು ತಡೆಯುವ ಕ್ರೀಮುಗಳ ಮೇಲೆ ಔಷಧ ನಿಯಂತ್ರಕರ ಕಣ್ಣಿದೆ. ನಮ್ಮಲ್ಲಿ ಅವು ಸೌಂದರ್ಯವರ್ಧಕಗಳು. ಸಿನಿಮಾ ತಾರೆಯ ಚಿತ್ರ ಹೊತ್ತು, ತಾರೆಯರಿಗೇ ಸಲ್ಲುವ ಬೆಲೆಯಲ್ಲಿ ಮಾರಾಟವಾಗುತ್ತವೆ. ಬಣ್ಣವಿಲ್ಲದವರಿಗೆ ಅದು ಅಂದಚಂದದ ಸಾಮಗ್ರಿಯಲ್ಲ, ಮಧುಮೇಹಿಗೆ ಇನ್ಸುಲಿನ್ ಇದ್ದಂತೆ. ತಾಲ್ಲೂಕು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಅದನ್ನು ಉಚಿತವಾಗಿ ಕೊಡಲು ರಾಜ್ಯ ಸರ್ಕಾರಕ್ಕೆ ಆಗುವ ಖರ್ಚು ಗಮನಕ್ಕೆ ಬರುವಷ್ಟು ದೊಡ್ಡದೇನೂ ಅಲ್ಲ. ಫಲಾನುಭವಿಗಳ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೇ ಅದು ಕಡತದಲ್ಲಿ ಕಾಣುತ್ತಿಲ್ಲ. ಶಿಕ್ಷಣ ಇಲಾಖೆ ಇಂಥ ಮಕ್ಕಳಿಗೆ, ಇಂಥ ಶಿಕ್ಷಕರಿಗೆ ಮೈದಾನದ ಪ್ರಾರ್ಥನೆಯಿಂದಲೂ ಬಿಸಿಲಿನ ಕರ್ತವ್ಯಗಳಿಂದಲೂ ವಿನಾಯಿತಿ ಕೊಡಲು ಒಂದು ಆದೇಶ ಸಾಕು.

ಮೇಷ್ಟ್ರಿಗೆ ಈ ವರ್ಷ ಹಣೆಯ ಮೇಲೆ ಮತ್ತೆ ಮಚ್ಚೆಗಳೆದ್ದವು. ಅದೇ ಕ್ರೀಮನ್ನೇ ಬರೆದುಕೊಟ್ಟರು, ವೈದ್ಯರು ಮಾತ್ರ ಬೇರೆ. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ವಾರಗಳನ್ನು ಗುರುತು ಹಾಕಿ, ಎಂಟನೆಯ ಚೌಕದಲ್ಲಿ ‘ಉರಿ ಶುರು’, ಹದಿನಾಲ್ಕನೆಯದರಲ್ಲಿ ‘ಹೆಚ್ಚು, ಹೆದರಬೇಡಿ, ಫೋನ್ ಮಾಡಿ’ ಎಂದು ಆ ತರುಣ ವೈದ್ಯೆ ತಮ್ಮ ಕೈಯಾರೆ ಬರೆದರಂತೆ. ಶಾಲೆಗೆ ರಜೆ ಹಾಕಿ, ಕಿಟಕಿಗೆ ಪರದೆ ಎಳೆದು ಮೇಷ್ಟ್ರು ಮನೆಯೊಳಗೇ ಉಳಿದರು. ಹದಿನಾಲ್ಕನೆಯ ದಿನ ಅವರ ಹೆಂಡತಿ ಫೋನ್ ಮಾಡಿದ್ದೂ ಆಯಿತು. ಇಪ್ಪತ್ತೊಂದನೆಯ ಚೌಕದಲ್ಲಿ ಅವರೇ ಕೆಂಪು ಶಾಯಿಯಿಂದ, ಉತ್ತರಪತ್ರಿಕೆ ತಿದ್ದುವ ರೀತಿಯಲ್ಲಿ, ಒಂದು ಸರಿ ಗುರುತು ಹಾಕಿದ್ದಾರೆ.